ಸಣ್ಣ ಗಾಳಿ ಮತ್ತು ನನ್ನ ಅರವತ್ತಾರು ಕಿಲೊ

ಮಳೆ ಹಿಡಿದ ಮೇಲೆ ಚೆಂಬೂರಿನ ನಮ್ಮ ಮನೆಯಲ್ಲಿ ನನಗಿರುವ ಕೆಲಸ ಒಂದೇ, ಒಂದು ಜಾಗದಲ್ಲಿದ್ದ ಸಾಮಾನನ್ನು ಎತ್ತಿ ಇನ್ನೊಂದು ಜಾಗದಲ್ಲಿ ಇಡುವುದು. ಕಡಲಿಗೆ ಇಳಿಯುವುದು ಇನ್ನು ನವೆಂಬರಿನ ತನಕ ಬಂದ್. ಕೂತರೆ ಏಳಬೇಕು ಅನ್ನಿಸುತ್ತದೆ, ಎದ್ದರೆ ಎಲ್ಲಿಗೆ ಹೋಗಬೇಕೆಂದು ತಿಳಿಯುವುದಿಲ್ಲ. ಬಾಲ್ಕನಿಗೆ ಹೋಗಿ ಎದುರಿನ ಬಿಲ್ಡಿಂಗಿನ ಮೇಲಿನ ಬಾವುಟ ಯಾವ ದಿಕ್ಕಿಗೆ ಹಾರುತ್ತಿದೆ ನೋಡಿ ಬರುತ್ತೇನೆ, ಹತ್ತು ನಿಮಿಷಕ್ಕೆ ಮತ್ತೆ ಹೋಗುತ್ತೇನೆ. "ಆ ಬಾವುಟಕ್ಕರೆ ಸ್ವಲ್ಪ ಆರಾಮ ಕೊಡು" ಎನ್ನುತ್ತಾರೆ ನಮ್ಮ ಯಜಮಾನರು, ಪೇಪರಿನ ಹಿಂದಿನಿಂದ.

ಮೊನ್ನೆ ಹಾಗೆಯೇ ಗುಂಡಿಗಳ ಡಬ್ಬಿಯನ್ನು ಹಾಸಿಗೆಯ ಮೇಲೆ ಸುರುವಿಕೊಂಡು ಕೂತಿದ್ದೆ. ದೊಡ್ಡ ಗುಂಡಿ ಒಂದು ಕಡೆ, ಸಣ್ಣ ಗುಂಡಿ ಒಂದು ಕಡೆ. ಯಾವ ಪುರುಷಾರ್ಥಕ್ಕೆ ಎಂದು ಕೇಳಬೇಡಿ. ಡಬ್ಬಿಯ ತಳದಲ್ಲಿ ಒಂದು ದಪ್ಪ ರಟ್ಟಿನ ಚೀಟಿ ಸಿಕ್ಕಿತು. ವಡಾಲ ಸ್ಟೇಷನ್ನಿನ ತೂಕದ ಯಂತ್ರದ ಚೀಟಿ, ನನ್ನ ಕಾಲೇಜಿನ ಕಾಲದ್ದು.

ಆ ಯಂತ್ರ ನಿಮಗೆ ನೆನಪಿರಬೇಕು. ಆಳೆತ್ತರದ ಪೆಟ್ಟಿಗೆ, ಒಳಗೆ ಕೆಂಪು ಹಸಿರು ದೀಪ, ತಿರುಗುವ ತಟ್ಟೆ. ಮೇಲೆ ನಿಂತು ನಾಣ್ಯ ಹಾಕಿದರೆ ಅದರ ಹೊಟ್ಟೆಯೊಳಗೆ ಗಡಗಡ ಸದ್ದಾಗಿ ಚೀಟಿ ಹೊರಗೆ ಬೀಳುತ್ತಿತ್ತು. ಒಂದು ಮಗ್ಗುಲಲ್ಲಿ ತೂಕ, ಇನ್ನೊಂದು ಮಗ್ಗುಲಲ್ಲಿ ಭವಿಷ್ಯ. ನನ್ನ ಕೈಯಲ್ಲಿದ್ದ ಚೀಟಿಯಲ್ಲಿ ತೊಂಬತ್ತಾರು ಕಿಲೊ ಎಂದಿತ್ತು. ಗಾಬರಿಯಾಗಬೇಡಿ, ಅದು ನನ್ನೊಬ್ಬಳದಲ್ಲ. ಕಾಲೇಜಿಗೆ ಜೊತೆಯಲ್ಲಿ ಹೋಗುತ್ತಿದ್ದ ಪದ್ಮಾ ಮತ್ತು ನಾನು ಒಂದೇ ನಾಣ್ಯದಲ್ಲಿ ಇಬ್ಬರೂ ನಿಂತಿದ್ದೆವು. ಆಮೇಲೆ ಪೆನ್ಸಿಲ್ಲಿನಲ್ಲಿ ಅದನ್ನು ಎರಡು ಭಾಗ ಮಾಡಿ ನಲವತ್ತೆಂಟು, ನಲವತ್ತೆಂಟು ಎಂದು ಸಮನಾಗಿ ಹಂಚಿಕೊಂಡೆವು. ಪದ್ಮಾ ನುಗ್ಗೆಕಾಯಿಯಂಥ ಹುಡುಗಿ. ಅನುಮಾನ ಬಂದು ಮರುದಿನ ಒಬ್ಬಳೇ ಹೋಗಿ ನಿಂತಳು. ನಲವತ್ತು ಬಂತು. ಉಳಿದದ್ದೆಷ್ಟು ಎಂಬ ಲೆಕ್ಕವನ್ನು ನಾನು ಮುಂದುವರಿಸಲಿಲ್ಲ. ಇವತ್ತಿನ ತನಕ ಯಾರಾದರೂ ಮಾತು ತೆಗೆದರೆ, "ಕಾಲೇಜಿನಲ್ಲಿದ್ದಾಗ ನಾನು ನಲವತ್ತೆಂಟಿದ್ದೆ" ಎಂದೇ ಹೇಳುತ್ತೇನೆ, ಪುರಾವೆ ಸಮೇತ. ಚೀಟಿಯ ಹಿಂದೆ ಹಿಂದಿಯಲ್ಲಿ "ನೀವು ಶಾಂತ ಸ್ವಭಾವದವರು" ಎಂದು ಬರೆದಿದೆ. ಅದು ಪದ್ಮಾಳಿಗೆ ಹೇಳಿದ್ದಿರಬೇಕು.

ಅಂಕಿಯನ್ನು ಇಳಿಸಿ ಹೇಳುವ ಈ ವಿದ್ಯೆ ನನಗೆ ತವರಿನ ಬಳುವಳಿ. ಅಪ್ಪ ವಡಾಲದ ಬಂದರಿನ ಗೋದಾಮಿನಲ್ಲಿ ಗುಮಾಸ್ತರು. ವರ್ಷಕ್ಕೊಮ್ಮೆ ಸೂಟಿಯಲ್ಲಿ ಗದಗಿಗೆ ಹೋಗುತ್ತಿದ್ದೆವು. ಸೊಲ್ಲಾಪುರದಲ್ಲಿ ಗಾಡಿ ಬದಲಾಯಿಸಬೇಕು. ಹನ್ನೆರಡು ತುಂಬುವ ತನಕ ಅರ್ಧ ಟಿಕೆಟ್, ಮತ್ತು ನಮ್ಮವ್ವನ ಪ್ರಕಾರ ನನಗೆ ಹನ್ನೆರಡು ತುಂಬುವುದು ಬಹಳ ತಡವಾಗಿತ್ತು. ಒಂದು ಸಲ ಟಿ.ಸಿ. ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿ ವಯಸ್ಸೆಷ್ಟು ಎಂದು ಕೇಳಿದರು. "ಹನ್ನೊಂದು" ಎಂದಳು ಅವ್ವ. ಅವರು ನನ್ನ ಕಡೆ ತಿರುಗಿ, "ಯಾವ ಕ್ಲಾಸವ್ವಾ?" ಎಂದರು. ಸುಮ್ಮನೆ ಕೂರುವ ಜಾತಿಯೇ ಅಲ್ಲ ನಾನು. ಎದ್ದು ನಿಂತು ಎದೆ ಸೆಟೆಸಿ, "ಒಂಬತ್ತನೇ ಕ್ಲಾಸು, ಎ ಸೆಕ್ಷನ್" ಎಂದೆ. ಬೋಗಿ ಪೂರ್ತಿ ನಮ್ಮ ಕಡೆ ನೋಡಿತು. ಅವ್ವನ ರೆಪ್ಪೆ ಕೂಡ ಅಲುಗಲಿಲ್ಲ. "ಭಾಳ ಶಾಣ್ಯಾ ಇದ್ದಾಳ್ರೀ, ಅದಕ್ಕ ಲಗೂನ ಸಾಲಿಗೆ ಹಾಕೀವಿ" ಎಂದಳು. ಟಿ.ಸಿ. ನಕ್ಕು ಮುಂದೆ ಹೋದರು.

ಆಮೇಲೆ ಅವ್ವ ನನ್ನ ತೊಡೆ ಚಿವುಟಿ ಒಂದು ಉಪದೇಶ ಮಾಡಿದಳು. "ನೋಡು, ಯಾರರೆ ಅಂಕಿ ಕೇಳಿದ್ರ ಒಂದ್ ಚೂರು ಕಮ್ಮೀನ ಹೇಳಬೇಕು. ಉಳಿದದ್ದು ಅವರ ಕಣ್ಣೀಲೆ ನೋಡ್ಕೊಂತಾರ." ಈ ಮಾತನ್ನು ನಾನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡೆ.

ಈಗ ಕಡಲಿನ ಮಾತಿಗೆ ಬರುತ್ತೇನೆ. ನಾನು ಕೈಟ್‌ಸರ್ಫಿಂಗ್ ಕಲಿಯುತ್ತಿದ್ದೇನೆ ಎಂದರೆ ನಮ್ಮ ಕಾಲೊನಿಯ ಹೆಂಗಸರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಮೊಣಕಾಲು ನೋಡುತ್ತಾರೆ. ಇದು ನನ್ನ ಮಗಳು ಹಚ್ಚಿದ ಹುಚ್ಚು. ಅವಳ ಆಫೀಸಿನವರು ಒಂದು ದಿನ ಗೊರಾಯಿಯ ಆಚೆಯ ದಂಡೆಗೆ ಹೋಗುವವರಿದ್ದರು, ಜೊತೆಗೆ ನನ್ನನ್ನೂ ಕರೆದುಕೊಂಡು ಹೋದಳು. ಅವಳಿಗೆ ಉಪ್ಪುನೀರು ಮೂಗಿಗೆ ಹೋಗಿ ಅರ್ಧ ಗಂಟೆಗೆ ಸಾಕಾಯಿತು. ನನಗೆ ಸಾಕಾಗಲಿಲ್ಲ. ಸೊಂಟಕ್ಕೆ ದಪ್ಪ ಪಟ್ಟಿ ಕಟ್ಟಿ, ಅದಕ್ಕೆ ಹಗ್ಗಗಳನ್ನು ಸಿಕ್ಕಿಸಿ, ಆ ತುದಿಯಲ್ಲಿ ಕೋಣೆಯಷ್ಟು ದೊಡ್ಡ ಗಾಳಿಪಟ ಎದ್ದು ನನ್ನನ್ನು ಒಮ್ಮೆ ಎಳೆಯಿತು ನೋಡಿ, ಹುಟ್ಟಿದಾಗಿನಿಂದ ನನ್ನೊಳಗೆ ತಿರುಗುತ್ತಿದ್ದ ಚಡಪಡಿಕೆಗೆ ಅವತ್ತು ಮೊದಲ ಸಲ ಒಂದು ಕೆಲಸ ಸಿಕ್ಕಿತು. ಆ ಒಂದು ಗಳಿಗೆ ನನ್ನ ಕಾಲು ಎಲ್ಲಿಗೂ ಹೋಗಬೇಕೆನ್ನಲಿಲ್ಲ. ಮುಂದಿನ ಶನಿವಾರವೇ ಹೆಸರು ಹಚ್ಚಿದೆ. ಚೆಂಬೂರಿನಿಂದ ಕುರ್ಲಾ, ಕುರ್ಲಾದಿಂದ ದಾದರ್, ದಾದರಿನಿಂದ ಬೊರಿವಲಿ, ಅಲ್ಲಿಂದ ರಿಕ್ಷಾ, ಆಮೇಲೆ ಖಾಡಿ ಎಂಬ ಕಡಲಿನ ಹಿನ್ನೀರು ದಾಟುವ ದೋಣಿ. ಅಷ್ಟೆಲ್ಲ ತಿರುಗಾಟ ಇದ್ದದ್ದೂ ನನಗೆ ಹಿಡಿಸಿತ್ತು.

ಹೆಸರು ಹಚ್ಚುವ ದಿನ ಒಂದು ಫಾರ್ಮ್ ಕೊಟ್ಟರು. ಹೆಸರು, ವಯಸ್ಸು, ಈಜು ಬರುತ್ತದೆಯೇ, ತೂಕ. ಈಜು ಬರುತ್ತದೆ ಎಂದು ಬರೆದದ್ದು ಸತ್ಯ. ತೂಕದ ಮುಂದೆ ಪೆನ್ನು ತಾನಾಗಿಯೇ ಅರವತ್ತಾರು ಎಂದು ಬರೆಯಿತು. ಫಾರ್ಮ್ ತೆಗೆದುಕೊಂಡ ಹುಡುಗಿ ಅದನ್ನು ಓದಿ, ನನ್ನನ್ನು ಒಮ್ಮೆ ನೋಡಿ, ಮತ್ತೆ ಓದಿ, ಫೈಲಿನಲ್ಲಿ ಇಟ್ಟಳು.

ಆ ಹುಡುಗಿಯೇ ಶಬಾನಾ, ನನಗೆ ಕಲಿಸುವವಳು. ಇಪ್ಪತ್ತಾರು ವರ್ಷ, ಸಣ್ಣ ಮೈ, ಬಿಸಿಲಿಗೆ ಮೂಗಿನ ತುದಿ ಸುಲಿದಿತ್ತು. ಮೊದಲ ದಿನ ಹಿಂದಿಯಲ್ಲಿ ಮಾತಾಡುತ್ತಿದ್ದಳು. ಅಲೆ ಬಡಿದು ನಾನು "ಅಯ್ಯಯ್ಯೋ ಯವ್ವಾ" ಎಂದದ್ದೇ ತಡ, ಅವಳ ಮುಖ ಅರಳಿತು. "ನಮ್ಮ ಕಡೆಯವರೇನ್ರಿ ಆಂಟಿ? ನಮ್ಮದು ಬಿಜಾಪುರ" ಎಂದಳು. ಅವಳ ಅಪ್ಪ ವಡಾಲದಲ್ಲಿ ಲಾರಿಗಳ ತಾಡಪಾಲು ಹೊಲಿಯುವವರು. ಮನೆಯಲ್ಲಿ ದಖನಿ ಉರ್ದು, ಓಣಿಯಲ್ಲಿ ಕನ್ನಡ, ಉಳಿದ ಕಡೆ ಬಂಬೈ ಹಿಂದಿ. ದಂಡೆಯ ಮೇಲೆ ಪಟ, ಹಲಗೆ ಇಡುವ ಶೆಡ್ಡಿಗೆ ಹರಿದ ಪಟಗಳನ್ನು ಹೊಲಿಯಲು ಬಂದವಳು, ಹೊಲಿಯುತ್ತಾ ಹೊಲಿಯುತ್ತಾ ಹಾರಿಸುವುದನ್ನೂ ಕಲಿತಳಂತೆ. ಕಲಿಸುವ ಕೆಲಸ ಸಿಕ್ಕಿದ್ದು ಇದೇ ವರ್ಷ.

ನಮ್ಮ ಮುಂಬಯಿಯಲ್ಲಿ ಹೊಸಬರನ್ನು ನೀರಿಗಿಳಿಸುವುದು ಸಣ್ಣ ಗಾಳಿಯ ದಿನವೇ. ಜೋರು ಗಾಳಿ ಪಳಗಿದವರ ಪಾಲು. ಆದರೆ ಸಣ್ಣ ಗಾಳಿಯಲ್ಲಿ ಏಳುವುದು ಸಲೀಸು ಅಂದುಕೊಂಡರೆ ಕೆಟ್ಟಿರಿ. ಗಾಳಿ ಕಡಿಮೆಯಾದಷ್ಟೂ ಪಟ ದೊಡ್ಡದಾಗಬೇಕು, ಕಾಲಡಿಯ ಹಲಗೆ ಅಗಲವಾಗಬೇಕು. ಎಷ್ಟು ದೊಡ್ಡದು ಎಂಬುದು ಎರಡೇ ಅಂಕಿಗಳ ಮೇಲೆ ನಿಂತಿದೆ, ಇವತ್ತಿನ ಗಾಳಿ ಎಷ್ಟು ಮತ್ತು ಏರುವವರ ತೂಕ ಎಷ್ಟು. ಇದನ್ನು ಶಬಾನಾ ಮೊದಲ ದಿನವೇ ಮರಳ ಮೇಲೆ ಕೋಲಿನಿಂದ ಗೀಚಿ ತೋರಿಸಿದ್ದಳು. "ಗಾಳಿ ನಮ್ಮ ಕೈಯಾಗಿಲ್ಲ ಆಂಟಿ. ತೂಕ ಗೊತ್ತಿರ್ತೈತಿ. ಅದರ ಮ್ಯಾಲ ಪಟ ಆರಿಸೋದು" ಎಂದಳು. ನಾನು ಗಂಭೀರವಾಗಿ ತಲೆಯಾಡಿಸಿದೆ.

ನನ್ನ ಅರವತ್ತಾರಕ್ಕೆ ತಕ್ಕಂತೆ ಹನ್ನೆರಡರ ಪಟ ಬಂತು. ಹನ್ನೆರಡು ಅಂದರೆ ಬಟ್ಟೆಯ ಅಳತೆ, ಚದರ ಮೀಟರಿನಲ್ಲಿ. ಇನ್ನೂ ದೊಡ್ಡದು ಹದಿನೇಳರದ್ದು ಶೆಡ್ಡಿನ ಅಟ್ಟದ ಮೇಲೆ ಚೀಲದಲ್ಲಿ ಮಲಗಿತ್ತು. ಅದು ಭಾರೀ ಆಳುಗಳಿಗೆ ಎಂದು ಹೇಳಿದ್ದರು, ನಾನು ಅದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ಸೊಂಟದ ಮಟ್ಟದ ನೀರಿನಲ್ಲಿ ಹಲಗೆಗೆ ಪಾದ ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂರಬೇಕು. ತಲೆಯ ಮೇಲಿರುವ ಪಟವನ್ನು ಒಂದು ಮಗ್ಗುಲಿಗೆ ಜೋರಾಗಿ ಇಳಿಸಬೇಕು, ಅದು ಎಳೆದ ಹೊಡೆತಕ್ಕೆ ಏಳಬೇಕು. ಎದ್ದ ಮೇಲೆ ಪಟವನ್ನು ಸುಮ್ಮನೆ ನಿಲ್ಲಗೊಡಬಾರದು. ಜೋರು ಗಾಳಿಯಲ್ಲಿ ನಿಂತ ಪಟವೇ ಎಳೆಯುತ್ತದೆ. ಸಣ್ಣ ಗಾಳಿಯಲ್ಲಿ ಅದನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿಸುತ್ತಲೇ ಇರಬೇಕು, ಆಗ ಅದು ಇಲ್ಲದ ಗಾಳಿಯನ್ನೂ ಹುಟ್ಟಿಸಿಕೊಳ್ಳುತ್ತದೆ. ಇದು ನನಗಾಗಿಯೇ ಹೇಳಿ ಮಾಡಿಸಿದ ಆಟ ಅನ್ನಿಸಿತು. ಆಡಿಸುತ್ತಲೇ ಇರು ಎಂದರೆ ನಾನು ಬೇಡ ಅನ್ನುವವಳೇ? ಆದರೆ ಅದರಲ್ಲೂ ಒಂದು ಮುಳ್ಳಿತ್ತು. ಕೈಯಲ್ಲಿ ಹಿಡಿದ ಅಡ್ಡಕೋಲನ್ನು ಆತುರಕ್ಕೆ ಮೈಕಡೆ ಎಳೆದುಕೊಂಡರೆ ಪಟದ ಉಸಿರು ಕಟ್ಟಿ ಅದು ಹಿಂದಕ್ಕೆ ಜಾರಿ ನೀರಿಗೆ ಬೀಳುತ್ತದೆ. ಬಿದ್ದರೆ ಸಣ್ಣ ಗಾಳಿಯಲ್ಲಿ ಅದನ್ನು ಎಬ್ಬಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ. "ಎಳೀಬ್ಯಾಡ್ರಿ ಆಂಟಿ, ಬಿಡ್ರಿ, ಸಡ್ಲ ಬಿಡ್ರಿ!" ಎಂದು ಶಬಾನಾ ಹಿಂದಿನಿಂದ ನನ್ನ ಸೊಂಟಪಟ್ಟಿ ಹಿಡಿದು ಕೂಗುತ್ತಿದ್ದಳು. ನಾನು ಎಳೆಯುತ್ತಿದ್ದೆ. ಮೂರ್ನಾಲ್ಕು ಶನಿವಾರಗಳಲ್ಲಿ ಆ ಚಟವೂ ಬಿಟ್ಟಿತು. ಕೈ ಪಳಗಿತು, ಪಟ ಹೇಳಿದ ಹಾಗೆ ಕೇಳತೊಡಗಿತು.

ಆದರೂ ನಾನು ಏಳಲಿಲ್ಲ. ಅರ್ಧ ಏಳುತ್ತಿದ್ದೆ, ಮೊಣಕಾಲು ಬಿಚ್ಚುವ ಮೊದಲೇ ಪಟದ ದಮ್ಮು ಮುಗಿದು ದೊಪ್ಪೆಂದು ಕೂರುತ್ತಿದ್ದೆ. ಶಬಾನಾ ಹಲಗೆ ಬದಲಾಯಿಸಿದಳು, ಬಾಗಿಲಿನಷ್ಟು ಅಗಲದ್ದು ತಂದಳು. ಹಗ್ಗ ಉದ್ದ ಮಾಡಿದಳು. "ಮೂಗನ್ನ ಗಾಳಿ ಹೋಗೋ ಕಡೆ ತಿರುಗಿಸ್ರಿ" ಎಂದಳು, ಹಲಗೆಯ ಮೂಗು ಅಂತ ಅರ್ಥ. ತಿರುಗಿಸಿದೆ. ಕೂತೆ. ನನ್ನ ನಂತರ ಸೇರಿದ ಕಾಲೇಜು ಹುಡುಗಿಯರು ಹಲಗೆಯ ಮೇಲೆ ಎದ್ದು ಹೋದರು. ಮುಲುಂಡದಿಂದ ಬರುತ್ತಿದ್ದ ತಂಪು ಕನ್ನಡಕದ ಮಹನೀಯರೊಬ್ಬರು ಎದ್ದು ಹೋದರು. ನಾನು ಮಾತ್ರ ಅಲ್ಲೇ ಕೂತು ಕೂತು ಏಡಿಗಳಿಗೂ ಪರಿಚಿತಳಾದೆ.

ಮನೆಗೆ ಬಂದು ಗಾಳಿಯನ್ನು ಬೈಯುತ್ತಿದ್ದೆ. "ಇವತ್ತೂ ಗಾಳಿ ಸರಿ ಇರಲಿಲ್ಲ."

"ಕುಣಿಯಲಾರದಾಕಿ ನೆಲ ಡೊಂಕು ಅಂದ್ಲಂತ" ಎನ್ನುತ್ತಿದ್ದರು ಯಜಮಾನರು.

ಇವರು ಮೂವತ್ತು ವರ್ಷ ರಿಫೈನರಿಯಲ್ಲಿ ಕ್ರೇನಿನ ಕೆಲಸ ನೋಡಿಕೊಂಡವರು. ಭಾರ ಎತ್ತುವ ವಿಷಯ ಬಂದರೆ ಕಿವಿ ನೆಟ್ಟಗಾಗುತ್ತದೆ. ಪಟ ಹೇಗೆ ಆರಿಸುತ್ತಾರೆ ಎಂದು ಕೇಳಿದರು. ಹೇಳಿದೆ. ನೀನು ಎಷ್ಟು ಬರೆದಿದ್ದೀ ಎಂದು ಕೇಳಿದರು. ಅದನ್ನೂ ಹೇಳಿದೆ. ಅವರು ನಗಲಿಲ್ಲ. "ಕ್ರೇನಿನವನಿಗೆ ಭಾರ ಸುಳ್ಳು ಹೇಳಬಾರದು ನೋಡು. ಅವನು ತನ್ನ ಕೈಯಾಗ ತಪ್ಪು ಹುಡುಕ್ತಾನ" ಎಂದರು.

"ನಮ್ಮನಿ ತಕ್ಕಡಿಯೊಳಗ ಅಷ್ಟೇ ತೋರಸ್ತದ" ಎಂದೆ.

"ಅದರ ಬುಡಕಿನ ಕಾಲೊರಸು ತಗದು ನಿಲ್ಲು."

ಮೆತ್ತನೆಯ ಕಾಲೊರಸಿನ ಮೇಲಿಟ್ಟ ತಕ್ಕಡಿ ಸುಮಾರು ಕಿಲೊಗಳನ್ನು ನುಂಗಿಕೊಳ್ಳುತ್ತದೆ ಎಂಬುದು ನನಗೆ ಗೊತ್ತಿತ್ತು. ಇವರಿಗೂ ಗೊತ್ತಿದೆ ಎಂಬುದು ಗೊತ್ತಿರಲಿಲ್ಲ. ಸಿಟ್ಟು ಬಂದು ಎದ್ದು ಬಾಲ್ಕನಿಗೆ ಹೋದೆ.

ಮೇ ತಿಂಗಳು ಬಂತು. ಒಂದು ಶನಿವಾರ ಸಂಜೆ ವಾಪಸು ಬರುವ ದೋಣಿಯಲ್ಲಿ ಶಬಾನಾ ನನ್ನ ಪಕ್ಕ ಕೂತಳು. ಅವತ್ತೂ ನಾನು ಇಪ್ಪತ್ತು ಸಲ ಕೂತಿದ್ದೆ. ಬಹಳ ಹೊತ್ತು ಅವಳು ಉಗುರಿನ ಸಂದಿಯ ಮರಳು ತೆಗೆಯುತ್ತಿದ್ದಳು.

"ಆಂಟಿ, ಮುಂದಿನ ವಾರ ನೀವು ಬ್ಯಾರೇದವರ ಕಡೆ ಕಲೀರಿ" ಎಂದಳು.

"ಯಾಕ? ನಾ ಏನರೆ ಅಂದ್ನೇನು?"

"ನೀವಲ್ರಿ. ನನ್ನ ಕೈ ಬರೋಬ್ಬರಿ ಇಲ್ಲ. ನೀವು ಹೇಳಿದ್ದೆಲ್ಲಾ ಮಾಡ್ತೀರಿ, ಪಟ ಚಂದ ಆಡಸ್ತೀರಿ. ಆದ್ರೂ ಏಳವಲ್ರಿ. ಅಂದ್ರ ನಾ ಸಾಮಾನು ಆರಿಸೋದ್ರಾಗ ಎಲ್ಲೋ ತಪ್ಪಾಕತ್ತೀನಿ." ಧ್ವನಿ ಸಣ್ಣದಾಯಿತು. "ಶೆಡ್ಡಿನ ಸರ್ ಹೇಳ್ಯಾರ. ಸೀಸನ್ ಮುಗಿಯೋದ್ರಾಗ ನಿನ್ನ ಸ್ಟೂಡೆಂಟ್ ಎಲ್ಲಾರೂ ನಿಂದ್ರಬೇಕು, ಒಬ್ರು ಉಳಿದ್ರೂ ಮುಂದಿನ ವರ್ಷ ನೀ ವಾಪಸ್ ಮಷೀನಿಗೆ ಅಂತ. ಉಳಿದವರು ನೀವೊಬ್ರೇ."

ಮಷೀನು ಅಂದರೆ ಹೊಲಿಗೆ ಮಷೀನು. ಬೆಳಗಿನಿಂದ ಸಂಜೆಯ ತನಕ ತಗಡಿನ ಶೆಡ್ಡಿನೊಳಗೆ ಕೂತು, ಬೇರೆಯವರು ಹಾರಿಸಿ ಹರಿದುಕೊಂಡು ಬಂದದ್ದನ್ನು ಹೊಲಿಯುವುದು. ಒಂದು ಗಂಟೆ ಕೂರಲಾರದ ನನಗೆ ಅದನ್ನು ನೆನೆಸಿಕೊಂಡೇ ಮೈ ಬೆವರಿತು. ಹೇಳಿಬಿಡು, ಹೇಳಿಬಿಡು ಎಂದಿತು ಮನಸ್ಸು. ಬಾಯಿ ತೆರೆದೆ. ಪಕ್ಕದಲ್ಲಿ ಮೀನಿನ ಬುಟ್ಟಿಯ ಹೆಂಗಸರು, ಮುಂದೆ ತಂಪು ಕನ್ನಡಕದ ಮಹನೀಯರು. "ಗಾಳಿ ಸರಿ ಇರಲಿಲ್ಲ ಬಿಡವ್ವಾ" ಎಂದು ಹೇಳಿದ ನನ್ನ ಬಾಯಿಗೆ ಇಷ್ಟು ಹುಳ ಬೀಳಲಿ.

ಆ ವಾರ ನಾನು ಪಟ್ಟ ಪಾಡು ಯಾರಿಗೂ ಬೇಡ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಫೋನ್ ಎತ್ತಿ ಅವಳ ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಇಟ್ಟೆ, ಒಂದಲ್ಲ ನಾಲ್ಕು ಸಲ. ಕನಿಷ್ಠ ಒಂದು ಮೆಸೇಜ್ ಬರೆಯೋಣವೆಂದು ಕೂತರೆ ಅಂಕಿ ಬರೆಯುವ ಜಾಗಕ್ಕೆ ಬಂದು ಬೆರಳು ನಿಲ್ಲುತ್ತಿತ್ತು. ಇಷ್ಟು ಸಣ್ಣ ಸುಳ್ಳು, ಅದನ್ನು ವಾಪಸು ತೆಗೆದುಕೊಳ್ಳಲು ಇಷ್ಟು ಕಷ್ಟವೇ ಎಂದು ನನ್ನ ಮೇಲೆ ನನಗೇ ರೋಸಿಹೋಯಿತು. ಶುಕ್ರವಾರ ಒಂದು ಉಪಾಯ ಹೊಳೆಯಿತು. ಬಾಯಿಂದ ಹೇಳಲಾಗದಿದ್ದರೆ ಬೇಡ, ಚೀಟಿ ಕೊಟ್ಟುಬಿಡೋಣ! ವಡಾಲದಲ್ಲಿ ಒಂದು ಹಳೆಯ ಯಂತ್ರ ಇನ್ನೂ ಉಳಿದಿದೆ ಎಂದು ಯಾರೋ ಹೇಳಿದ್ದು ನೆನಪಾಯಿತು. ಚೆಂಬೂರಿನಲ್ಲಿ ಗುರುತಿನವರು ನೋಡಬಹುದು ಎಂಬ ಭಯವೂ ಇತ್ತು. ಲೋಕಲ್ ಹತ್ತಿದೆ.

ಪ್ಲಾಟ್‌ಫಾರಮ್ಮಿನ ಕೊನೆಯಲ್ಲಿ ಅದು ನಿಂತಿತ್ತು, ಒಂದು ದೀಪ ಕೆಟ್ಟಿತ್ತು. ಅಕ್ಕಪಕ್ಕ ನೋಡಿ ಹತ್ತಿದೆ. ಒಬ್ಬಳೇ. ಗಡಗಡ ಸದ್ದಾಯಿತು, ಚೀಟಿ ಬಿತ್ತು. ಎಂಬತ್ತೊಂದು. ಹಿಂದೆ "ಜಲಪ್ರಯಾಣದಲ್ಲಿ ಎಚ್ಚರ" ಎಂದಿತ್ತು, ಇಷ್ಟು ವರ್ಷದಲ್ಲಿ ಮೊದಲ ಸಲ ಯಂತ್ರ ನನಗೇ ಹೇಳಿದ ಹಾಗಿತ್ತು.

ಮರುದಿನ ಸೀಸನ್ನಿನ ಕೊನೆಯ ಶನಿವಾರ. ಚೀಟಿಯನ್ನು ಚೀಲದ ಹೊರಜೇಬಿನಲ್ಲಿ ಜೋಪಾನವಾಗಿ ಇಟ್ಟಿದ್ದೆ. ಚೀಲವನ್ನು ದೋಣಿಯ ತಳದಲ್ಲಿ ಕಾಲ ಬಳಿ ಇಟ್ಟಿದ್ದೆ. ದೋಣಿಯ ತಳದಲ್ಲಿ ನೀರು ನಿಂತಿರುತ್ತದೆ ಎಂಬುದು ನಾಲ್ಕು ತಿಂಗಳಿಂದ ಓಡಾಡುವವಳಿಗೆ ಗೊತ್ತಿರಬೇಕಿತ್ತು. ದಂಡೆಗೆ ಬಂದು ಜೇಬಿಗೆ ಕೈಹಾಕಿದರೆ ರಟ್ಟು ಮೆತ್ತಗಾಗಿ ಮುದ್ದೆಯಾಗಿತ್ತು. ಅಂಕಿಯ ಜಾಗದಲ್ಲಿ ಒಂದು ನೀಲಿ ಕಲೆ.

ಗಾಳಿ ಅವತ್ತೂ ಸಣ್ಣದೇ. ನಿಂತವರ ಅಂಗಿಯ ತುದಿ ಅಲುಗುವಷ್ಟು. ಶೆಡ್ಡಿನ ಮುಂದೆ ಮಾಲೀಕ ನೀಲೇಶ್ ಫೈಲು ಹಿಡಿದು ನಿಂತಿದ್ದ. ಶಬಾನಾ ನನಗಾಗಿ ಹನ್ನೆರಡರ ಪಟವನ್ನು ಹೊರಗೆ ತಂದು ಮರಳ ಮೇಲೆ ಹಾಸುತ್ತಿದ್ದಳು. ಅವನು ಅದನ್ನು ನೋಡಿದ. "ಫಿರ್ ಸೇ ಬಾರಾ? ಸೈಜ್ ಚುನನಾ ಆತಾ ಹೈ ಕಿ ನಹೀ ತುಝೆ?" ಎಂದು, ಸೈಜ್ ಆರಿಸಲು ಬರುತ್ತದೋ ಇಲ್ಲವೋ ನಿನಗೆ ಅಂತ, ಎಲ್ಲರಿಗೂ ಕೇಳುವಂತೆ ಗದರಿದ. ಕಾಲೇಜು ಹುಡುಗಿಯರು ತಿರುಗಿ ನೋಡಿದರು.

ಶಬಾನಾ ತಲೆ ಎತ್ತಲಿಲ್ಲ. "ಗಲ್ತೀ ಮೇರೀ ಹೈ, ಸರ್" ಎಂದು ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು.

ಆ ಮಾತು ಕೇಳಿ ನನ್ನ ಕಾಲು ನನ್ನನ್ನು ಕೇಳದೆಯೇ ಮುಂದೆ ನಡೆಯಿತು. ಜನ್ಮವಿಡೀ ಸುಮ್ಮನೆ ತಿರುಗಿದ ಕಾಲು ಅವತ್ತು ಸರಿಯಾದ ಕಡೆ ಹೋಯಿತು. "ಅವಳ ತಪ್ಪಲ್ಲ" ಎಂದೆ. ಹಿಂದಿಯಲ್ಲಿ ಹೇಳಿದೆನೋ ಕನ್ನಡದಲ್ಲಿ ಹೇಳಿದೆನೋ ನೆನಪಿಲ್ಲ. "ನಾನು ಫಾರ್ಮಿನಲ್ಲಿ ಸುಳ್ಳು ಬರೆದಿದ್ದೆ. ಅರವತ್ತಾರಲ್ಲ. ಎಂಬತ್ತೊಂದು."

ಗಾಳಿ ಬೇರೆ ಕಡಿಮೆ ಇತ್ತಲ್ಲ, ಅಂಕಿ ಸ್ಪಷ್ಟವಾಗಿ ಎಲ್ಲರಿಗೂ ಕೇಳಿಸಿತು. ಮುಲುಂಡದ ಮಹನೀಯರು ಕನ್ನಡಕ ತೆಗೆದು ಒರೆಸಿಕೊಂಡರು. ನೀಲೇಶ್ ಹೊಟ್ಟೆ ಹಿಡಿದು ನಕ್ಕ.

ಶಬಾನಾ ನಗಲಿಲ್ಲ. ಹನ್ನೆರಡರ ಪಟವನ್ನು ಮಡಚಿದಳು. ಶೆಡ್ಡಿನ ಅಟ್ಟ ಹತ್ತಿ ಹದಿನೇಳರ ಚೀಲ ಇಳಿಸಿದಳು. ಪಂಪಿನಿಂದ ಅದರ ಕೊಳವೆಗಳಿಗೆ ಗಾಳಿ ತುಂಬತೊಡಗಿದಳು, ಒಂದೊಂದು ಒತ್ತಿಗೂ ಜೋರಾಗಿ. ನಾನು ಹಿಂದೆ ಹಿಂದೆಯೇ ಹೋದೆ. ತಪ್ಪು ಮಾಡಿದವರು ಮಾತಾಡದೆ ಇರಬೇಕು, ಆದರೆ ಸುಮ್ಮನಿರುವುದು ನನ್ನ ಹುಟ್ಟಿನಲ್ಲೇ ಇಲ್ಲ.

"ನಿನ್ನ ಕಣ್ಣಿಗೆ ಕಾಣ್ತಿತ್ತಲ್ಲೇ, ಇದು ಅರವತ್ತಾರು ಅಲ್ಲ ಅಂತ" ಎಂದೆ.

"ಕಾಣ್ತಿತ್ರಿ." ಪಂಪು ನಿಂತಿತು. ಅವಳ ಕಣ್ಣು ತುಂಬಿತ್ತು. "ಮೊದಲ ದಿನಾನ ಕಾಣ್ತಿತ್ತು. ದೊಡ್ಡವರು, ತಮ್ಮ ಕೈಯಾರೆ ಬರದಾರ. ಅದು ಸುಳ್ಳು ಅಂತ ಹೆಂಗ ಅನ್ನೋದು? ಅದಕ್ಕ ನನ್ನ ಕಣ್ಣಽ ಸುಳ್ಳು ಅಂದ್ಕೊಂಡೆ."

ಉಳಿದದ್ದು ಅವರ ಕಣ್ಣಿಂದ ನೋಡಿಕೊಳ್ಳುತ್ತಾರೆ ಎಂದು ಅವ್ವ ಹೇಳಿದ್ದಳು. ನೋಡಿಯೂ ನಂಬದೆ, ನನ್ನ ಮಾತನ್ನೇ ನಂಬಿ, ತನ್ನನ್ನು ತಾನು ಅನುಮಾನಿಸಿಕೊಂಡು ಒಂದು ಹುಡುಗಿ ನಾಲ್ಕು ತಿಂಗಳು ಒದ್ದಾಡಬಹುದು ಎಂದು ಅವ್ವನಿಗೂ ಗೊತ್ತಿರಲಿಲ್ಲ. ಟಿ.ಸಿ.ಗೆ ಹೇಳಿದ ಸುಳ್ಳಿಗೆ ಟಿ.ಸಿ. ಅತ್ತಿರಲಿಲ್ಲವಲ್ಲ. ನನಗೆ ಬಹಳ ನಾಚಿಕೆಯಾಯಿತು. ಎಂಬತ್ತೊಂದು ಎಂದು ಕೂಗಿ ಹೇಳುವಾಗಲೂ ಅಷ್ಟು ನಾಚಿಕೆಯಾಗಿರಲಿಲ್ಲ.

"ತಪ್ಪಾತವ್ವಾ. ನನ್ನ ಕ್ಷಮಿಸು" ಎಂದೆ.

ಅವಳು ತೋಳಿಗೆ ಮೂಗು ಒರೆಸಿಕೊಂಡಳು. "ಕ್ಷಮಾ ಆಮ್ಯಾಲ ಕೇಳ್ರಿ. ಮದ್ಲ ನಿಂದ್ರಿ" ಎಂದಳು.

ನೀರಿಗಿಳಿದೆವು. ಹದಿನೇಳರ ಪಟ ಹನ್ನೆರಡರ ಹಾಗೆ ಚುರುಕಲ್ಲ. ಎಮ್ಮೆಯ ಹಾಗೆ ನಿಧಾನಕ್ಕೆ ತಿರುಗುತ್ತದೆ. ಹೇಳಿದ್ದು ಅದಕ್ಕೆ ತಲುಪುವ ತನಕ ಕಾಯಬೇಕು. ಕಾಯುವುದು ಅಂದರೆ ನನಗೆ ಪ್ರಾಣಸಂಕಟ. ಒಮ್ಮೆ ಆತುರಪಟ್ಟು ಕೋಲು ಎಳೆದೆ, ಅದು ಹಿಂದಕ್ಕೆ ವಾಲಿತು. "ಸಡ್ಲ!" ಎಂದು ಕೂಗಿದಳು ಹಿಂದಿನಿಂದ. ಬಿಟ್ಟೆ. ಪಟ ಉಸಿರು ತೆಗೆದುಕೊಂಡು ಮತ್ತೆ ಮೇಲೇರಿತು. ಹಲಗೆಯ ಮೂಗು ತಿರುಗಿಸಿಕೊಂಡೆ, ಮೊಣಕಾಲು ಮಡಚಿದೆ, ಪಟವನ್ನು ಇಳಿಸಿದೆ. ಸೊಂಟವನ್ನು ಯಾರೋ ತಬ್ಬಿ ಎತ್ತಿದ ಹಾಗಾಯಿತು. ಕೂರುವ ಹೊತ್ತು ಬಂತು ಎಂದು ರೂಢಿಯಂತೆ ಕಾದೆ. ಕೂರಲಿಲ್ಲ. ಕಣ್ಣು ಬಿಟ್ಟು ನೋಡಿದರೆ ನೀರು ನನ್ನ ಪಾದದ ಕೆಳಗಿತ್ತು.

ಪಟ ಮೇಲೆ ಕೆಳಗೆ, ಮೇಲೆ ಕೆಳಗೆ. ಹಲಗೆಯ ಕೆಳಗೆ ಸರಸರ ಸದ್ದು. ಹನ್ನೆರಡರ ತನಕ ಎಣಿಸಿದ್ದು ನೆನಪಿದೆ, ಅಷ್ಟರಲ್ಲಿ ನೆಟ್ಟಗೆ ನಿಂತ ಸಂತೋಷಕ್ಕೆ ಕೋಲು ಎಳೆದುಬಿಟ್ಟೆ, ಪಟವೂ ನಾನೂ ಒಟ್ಟಿಗೆ ಬಿದ್ದೆವು. ಮೂಗು ಬಾಯಿ ತುಂಬ ಉಪ್ಪುನೀರು. ಮೇಲೆ ಬಂದು ನೋಡಿದರೆ ಶಬಾನಾ ನೀರನ್ನು ಒದೆಯುತ್ತಾ ಓಡಿ ಬರುತ್ತಿದ್ದಾಳೆ, ಕೈ ಎರಡೂ ಮೇಲೆ, ತಲೆಯ ಟೊಪ್ಪಿಗೆ ಎಲ್ಲೋ ತೇಲಿಹೋಗಿದೆ. "ನಿಂತ್ರೀ ಆಂಟಿ! ನಿಂತ್ರಿ! ನನ್ನ ಕೈ ಬರೋಬ್ಬರಿ ಐತಿ!" ಎಂದು ಕೂಗುತ್ತಿದ್ದಳು. ಇಬ್ಬರೂ ತಬ್ಬಿಕೊಂಡು ಅತ್ತೆವು, ನಕ್ಕೆವು. ಹಗ್ಗಗಳು ನಮ್ಮಿಬ್ಬರ ಕಾಲಿಗೂ ಸುತ್ತಿಕೊಂಡಿದ್ದವು, ಬಿಡಿಸಲು ಬಹಳ ಹೊತ್ತು ಹಿಡಿಯಿತು.

ಸಂಜೆ ಶೆಡ್ಡಿನಲ್ಲಿ ನೀಲೇಶ್ ಅವಳಿಗೆ, ನವೆಂಬರಿನಲ್ಲಿ ಕಲಿಸುವುದಕ್ಕೆ ಬಂದುಬಿಡು, ಹೊಲಿಯಲು ಬೇರೆ ಯಾರನ್ನಾದರೂ ನೋಡಿಕೊಳ್ಳುತ್ತೇನೆ ಎಂದ. ಅವಳು ಆಯಿತು ಎಂದು ತಲೆಯಾಡಿಸಿ ಫೈಲು ಬಿಚ್ಚಿದಳು. ನನ್ನ ಫಾರ್ಮ್ ಹುಡುಕಿ ತೆಗೆದಳು. ಅರವತ್ತಾರರ ಮೇಲೆ ಅಡ್ಡಗೆರೆ ಎಳೆದು, ಎಂಬತ್ತೊಂದು ಎಂದು ದಪ್ಪಗೆ ಬರೆದಳು. ಬರೆದ ಮೇಲೆ ಅವಳ ಪೆನ್ನು ಎರಡು ಸಾಲು ಮೇಲಕ್ಕೆ ಹೋಗಿ ನಿಂತಿತು. ಅವಳು ಒಮ್ಮೆ ಫಾರ್ಮ್ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. ಈ ಸಲ ಅವಳು ತನ್ನ ಕಣ್ಣನ್ನೇ ನಂಬಿದ್ದಳು.

"ಆಂಟೀ, ಇಲ್ಲೆ ವಯಸ್ಸು ನಲವತ್ತೊಂಬತ್ತು ಅಂತ ಐತಿ."

ನಾನು ಒದ್ದೆ ಕೂದಲು ಹಿಂಡಿಕೊಳ್ಳುತ್ತಾ ಕಡಲಿನ ಕಡೆ ನೋಡಿದೆ. "ವಯಸ್ಸಿನ ಮ್ಯಾಲ ಪಟದ ಸೈಜ್ ಬದಲಾಗ್ತದೇನು?"

ಅವಳು ಸ್ವಲ್ಪ ಯೋಚಿಸಿದಳು. "ಇಲ್ರಿ."

"ಹಂಗಾದ್ರ ಇರ್ಲಿ ಬಿಡು."

ಶಬಾನಾ ಪೆನ್ನಿನ ಮುಚ್ಚಳ ಹಾಕಿದಳು. "ಭಾಳ ಶಾಣ್ಯಾ ಅದೀರಿ ಆಂಟಿ" ಎಂದು ಫೈಲು ಮುಚ್ಚಿದಳು.